6,800 ಗಂಟೆ ಓಡಿದ ಟ್ರ್ಯಾಕ್ಟರ್ ಕೊಳ್ಳಬಹುದಾ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ನನ್ನ ಪಾಲಿಗೆ 9 ಎಕರೆ, ಅಣ್ಣನದು 3 ಎಕರೆ. ಎಲ್ಲಾ ಎರೆ ಹೊಲ, ಮಳೆ ನಂಬಿದ ಬೇಸಾಯ. ತೊಗರಿ, ಉದ್ದು, ಒಂದಿಷ್ಟು ಹಿಂಗಾರಿ ಜೋಳ ಹಾಕುತ್ತೇವೆ. ಎತ್ತು ಮಾರಿ ಎರಡು ವರ್ಷ ಆಯ್ತು. ಬಾಡಿಗೆ ಟ್ರ್ಯಾಕ್ಟರ್‌ಗೆ ಗಂಟೆಗೆ 1,000 ರೂಪಾಯಿ, ಅದೂ ಬೇಕಾದಾಗ ಸಿಗಲ್ಲ. ಭಾಲ್ಕಿ ಕಡೆ ಒಬ್ಬರ ಹತ್ತಿರ 2014ರ ಮಾಡೆಲ್, 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಮೀಟರ್ 6,800 ಗಂಟೆ ತೋರಿಸುತ್ತದೆ. 3 ಲಕ್ಷ ಹೇಳುತ್ತಿದ್ದಾರೆ. ಇಷ್ಟು ಓಡಿದ್ದು ಬೇಡ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೀಟರಿನ ಅಂಕಿಯೊಂದನ್ನೇ ನೋಡಿ ಬೇಡ ಅನ್ನಬೇಡಿ. ನಿಮ್ಮಂಥ ಹೊಲಕ್ಕೆ ಹೆಚ್ಚು ಓಡಿದ ಟ್ರ್ಯಾಕ್ಟರೇ ಹೊಸದಕ್ಕಿಂತ ಸರಿಯಾಗಿ ಹೊಂದಬಹುದು. ಆದರೆ ಎರಡು ವಿಷಯ ಗೊತ್ತಾಗಬೇಕು. ಆ 6,800 ಗಂಟೆ ಯಾವ ಕೆಲಸದಲ್ಲಿ ಕಳೆಯಿತು? ಇನ್ನು ಮುಂದೆ ನೀವು ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ? ನಮ್ಮ ಕಡೆ ಕೊಳ್ಳುವವರು ಮೊದಲನೆಯದನ್ನು ಬಾಯಿಮಾತಿನಲ್ಲಿ ಕೇಳಿ ಬಿಡುತ್ತಾರೆ. ಎರಡನೆಯದನ್ನು ಕೇಳಿಕೊಳ್ಳುವುದೇ ಇಲ್ಲ. ಅದಕ್ಕೇ ಎರಡನೆಯದರಿಂದ ಶುರು ಮಾಡೋಣ.

ಕೃಷಿ ಇಂಜಿನಿಯರಿಂಗ್ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ ವರ್ಷಕ್ಕೆ 1,000 ಗಂಟೆಯಂತೆ 10 ವರ್ಷ, ಅಂದರೆ 10,000 ಗಂಟೆ ಎಂದು ಹಿಡಿಯುತ್ತಾರೆ. ಚೆನ್ನಾಗಿ ನೋಡಿಕೊಂಡ ಗಾಡಿ ಅದನ್ನೂ ದಾಟುತ್ತದೆ, ನಡುವೆ ಒಮ್ಮೆ ಇಂಜಿನ್ ಬಿಚ್ಚಿ ಕಟ್ಟಿಸಬೇಕಾಗಬಹುದು. ಆ ಲೆಕ್ಕದಲ್ಲಿ ನಿಮ್ಮ ಗಾಡಿಗೆ 3,000 ಗಂಟೆಗೂ ಮೇಲೆ ಉಳಿದಿದೆ. ದಿನಾ ಬಾಡಿಗೆ ಹೊಡೆಯುವವರಿಗೆ ಅದು ಮೂರು ವರ್ಷದ ಮಾತು. ನಿಮಗೆ?

ನಿಮ್ಮ 12 ಎಕರೆಯ ಕೆಲಸ ಲೆಕ್ಕ ಹಾಕಿ. ಬಿತ್ತನೆಗೆ ಮುಂಚೆ ಎರಡು ಸಲ ಹರಗುವುದು, ಕೂರಿಗೆ ಕಟ್ಟಿ ಬಿತ್ತುವುದು, ಉದ್ದು ತೆಗೆದ ಮೇಲೆ ಜೋಳಕ್ಕೆ ಮತ್ತೆ ಹೊಲ ಹದ ಮಾಡುವುದು. ಪಲ್ಟಿ ನೇಗಿಲು ಪ್ರತಿ ವರ್ಷ ಬೇಕಿಲ್ಲ. ಎರೆ ಭೂಮಿ ಬೇಸಿಗೆಯಲ್ಲಿ ತಾನೇ ಆಳಕ್ಕೆ ಬಿರಿದು ಮಗುಚಿಕೊಳ್ಳುತ್ತದೆ. ಕಳೆ ಜಾಸ್ತಿ ಇದ್ದರೆ, ತೊಗರಿಗೆ ನೆಟೆ ರೋಗದ ಕಾಟ ಇದ್ದರೆ ಮೂರು ವರ್ಷಕ್ಕೊಮ್ಮೆ ಆಳ ಉಳುಮೆ ಮಾಡಿದರೆ ಸಾಕು. ಇದಕ್ಕೆ ರಾಶಿ ಯಂತ್ರದ ಕೆಲಸ, ಗೊಬ್ಬರ ಹೊಡೆಯುವುದು, ಮಾಲು ಸಾಗಿಸುವುದು ಸೇರಿಸಿ. ಎಷ್ಟು ಧಾರಾಳವಾಗಿ ಹಿಡಿದರೂ ವರ್ಷಕ್ಕೆ 120 ಗಂಟೆ ದಾಟುವುದು ಕಷ್ಟ.

ಈಗ ಖರ್ಚು. 3 ಲಕ್ಷಕ್ಕೆ ಕೊಂಡು, ಮೊದಲ ರಿಪೇರಿಗೆ 70,000 ಹಾಕಿದಿರಿ ಅನ್ನೋಣ. ಒಟ್ಟು 3.7 ಲಕ್ಷ. ಸಾಲ ಮಾಡಿದರೂ ಅಷ್ಟೆ, ಕೈಯಿಂದ ಹಾಕಿದರೂ ಅಷ್ಟೆ, ಆ ದುಡ್ಡಿಗೆ ಶೇ 11ರ ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 40,000. ಬೆಲೆ ಇಳಿಯುವುದಕ್ಕೆ 25,000. ವಿಮೆ, ಬ್ಯಾಟರಿ, ಟೈರಿಗೆ ಎತ್ತಿಡುವುದು, ಸಣ್ಣಪುಟ್ಟ ಕೆಲಸ ಎಲ್ಲಾ ಸೇರಿ 35,000. ಗಾಡಿ ಒಂದು ಗಂಟೆಯೂ ಓಡದೆ ಮನೆ ಮುಂದೆ ನಿಂತರೂ ವರ್ಷಕ್ಕೆ 1 ಲಕ್ಷ ಹೋಯಿತು. ಓಡಿದರೆ ಗಂಟೆಗೆ ಸುಮಾರು 5 ಲೀಟರ್ ಡೀಸೆಲ್. ಲೀಟರಿಗೆ 90 ಅಂದರೆ 450 ರೂಪಾಯಿ. ಆಯಿಲ್, ಗ್ರೀಸ್, ಸವಕಳಿಗೆ 100 ಸೇರಿಸಿದರೆ 550.

ಬಾಡಿಗೆ 1,000 ಕೊಡುವ ಕಡೆ ನಿಮಗೆ 550 ಬೀಳುತ್ತದೆ. ಗಂಟೆಗೆ ಉಳಿಯುವುದು 450. ನಿಂತಲ್ಲೇ ಹೋಗುವ 1 ಲಕ್ಷವನ್ನು ಈ 450 ತುಂಬಿಕೊಡಬೇಕು. ಅದಕ್ಕೆ ವರ್ಷಕ್ಕೆ ಸುಮಾರು 225 ಗಂಟೆ ಓಡಬೇಕು. ನಿಮ್ಮ ಹೊಲಕ್ಕೆ ಬೇಕಾಗುವುದು 120. ಬರೀ ನಿಮ್ಮ ಹೊಲಕ್ಕೆ ಇಟ್ಟುಕೊಂಡರೆ ಬಾಡಿಗೆಗಿಂತ ವರ್ಷಕ್ಕೆ 45,000ಕ್ಕೂ ಜಾಸ್ತಿ ಖರ್ಚಾಗುತ್ತದೆ. ಅಕ್ಕಪಕ್ಕದ ಹೊಲಗಳಲ್ಲಿ ನೂರು ಗಂಟೆಯ ಕೆಲಸ ಸಿಕ್ಕಿತು, ನೀವೇ ಓಡಿಸಿದಿರಿ ಅಂದರೆ ಸರಿಸಮ ಆಗುತ್ತದೆ. ಅಲ್ಲಿಂದ ಮುಂದಿನದು ಲಾಭ. ಡ್ರೈವರ್ ಇಟ್ಟರೆ ಈ ಲೆಕ್ಕ ಮುರಿಯುತ್ತದೆ. ನಿಮಗೆ ಅಥವಾ ನಿಮ್ಮ ಅಣ್ಣನಿಗೆ ಓಡಿಸಲು ಬರುತ್ತದಾ ಎಂದು ನೀವು ಬರೆದಿಲ್ಲ. ಬರದಿದ್ದರೆ ಮೊದಲು ಅದನ್ನು ಕಲಿಯಿರಿ, ಗಾಡಿ ಆಮೇಲೆ.

ಇದೇ ಲೆಕ್ಕ ಹೊಸ ಟ್ರ್ಯಾಕ್ಟರಿಗೆ ಹಾಕಿ ನೋಡಿ. 7 ಲಕ್ಷದ ಆಸುಪಾಸಿನ ಗಾಡಿಗೆ ಬಡ್ಡಿಯೇ 75,000 ದಾಟುತ್ತದೆ. ಬೆಲೆ ಇಳಿಕೆ ಬೇರೆ. 12 ಎಕರೆಯ ರೈತ ಅದನ್ನು ಹೊರಲಾರ. ಗಂಟೆ ಕಡಿಮೆ ಓಡಿಸುವವರಿಗೆ ಕಡಿಮೆ ಬೆಲೆಯ ಗಾಡಿಯೇ ಬೇಕು. ಕಡಿಮೆ ಬೆಲೆಯ ಗಾಡಿ ಅಂದರೆ ಜಾಸ್ತಿ ಓಡಿದ ಗಾಡಿ. ವರ್ಷಕ್ಕೆ 225 ಗಂಟೆಯಂತೆ ಓಡಿಸಿದರೆ ಉಳಿದ 3,000 ಗಂಟೆ ನಿಮಗೆ 13 ವರ್ಷ ಬರುತ್ತದೆ. ಊರಿನವರು ಬೇಡ ಅನ್ನುವುದು ದಿನಾ ಓಡಿಸುವವರ ಲೆಕ್ಕದಲ್ಲಿ. ನಿಮ್ಮ ಲೆಕ್ಕ ಬೇರೆ.

ದುಡ್ಡಿನ ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭ ಇದೆ, ಅದನ್ನು ಚಿಕ್ಕದು ಅಂದುಕೊಳ್ಳಬೇಡಿ. ಎರೆ ಹೊಲದ ಹದ ನಿಮಗೆ ಗೊತ್ತೇ ಇದೆ. ಮೃಗಶಿರ ಮಳೆ ಬಿದ್ದ ಮರುದಿನ ಕಾಲಿಟ್ಟರೆ ಮಣ್ಣು ಮೆತ್ತಿಕೊಳ್ಳುತ್ತದೆ, ಟೈರ್ ಜಾರುತ್ತದೆ. ಮೂರ್ನಾಲ್ಕು ದಿನ ಬಿಟ್ಟು ಹದ ಬರುತ್ತದೆ. ಇನ್ನೊಂದಿಷ್ಟು ದಿನ ಬಿಟ್ಟರೆ ಹೆಂಟೆ ಗಟ್ಟಿ. ನಡುವಿನ ಆ ನಾಲ್ಕೈದು ದಿನದಲ್ಲಿ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಬಾಡಿಗೆಯವರು ಮೊದಲು ದೊಡ್ಡ ಹೊಲಕ್ಕೆ ಹೋಗುತ್ತಾರೆ. ಹತ್ತು ಎಕರೆಯವರ ಸರದಿ ಬರುವಷ್ಟರಲ್ಲಿ ಹದ ಹೋಗಿರುತ್ತದೆ. ಬಿತ್ತನೆ ತಡವಾದ ತೊಗರಿ ಎಷ್ಟು ಕಡಿಮೆ ಬರುತ್ತದೆ ಎಂದು ನೀವೇ ಕಂಡಿದ್ದೀರಿ. ಆ ಒಂದು ಕಾರಣಕ್ಕೆ ವರ್ಷಕ್ಕೆ ಸ್ವಲ್ಪ ನಷ್ಟವಾದರೂ ಸ್ವಂತ ಗಾಡಿ ಇರಲಿ ಅನ್ನುವ ರೈತರ ಮಾತನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಹದದ ದಿನವೇ ಕೈಕೊಡುವ ಗಾಡಿ ಇದ್ದರೆ ಬಾಡಿಗೆಯವರಿಗಿಂತಲೂ ಕಡೆ, ಅಲ್ವಾ? ಅದಕ್ಕೇ ತಪಾಸಣೆ ಸರಿಯಾಗಿ ಆಗಬೇಕು.

ಮೊದಲು ಮೀಟರ್ ನಿಜವೋ ನೋಡೋಣ. 2014ರಿಂದ 6,800 ಅಂದರೆ ವರ್ಷಕ್ಕೆ ಸುಮಾರು 600 ಗಂಟೆ. ಇದು ನಂಬಬಹುದಾದ ಅಂಕಿ. ಅಷ್ಟೇ ಹಳೆಯ ಗಾಡಿಯಲ್ಲಿ 2,500 ಇದ್ದಿದ್ದರೆ ನನಗೆ ಜಾಸ್ತಿ ಅನುಮಾನ ಬರುತ್ತಿತ್ತು. ಹಳೇ ಕೇಬಲ್ ಮೀಟರುಗಳು ಇಂಜಿನ್ ಸುತ್ತುಗಳನ್ನು ಎಣಿಸುತ್ತವೆ, ಗಡಿಯಾರದ ಗಂಟೆಯನ್ನಲ್ಲ. ನಿಧಾನಕ್ಕೆ ಓಡಿದಾಗ ಕಡಿಮೆ ಏರುತ್ತದೆ. ಕೇಬಲ್ ತುಂಡಾದರೆ ನಿಂತೇ ಬಿಡುತ್ತದೆ, ಗಾಡಿ ಮಾತ್ರ ಓಡುತ್ತಿರುತ್ತದೆ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಹಿಡಿ, ಕಾಲಿಡುವ ತಗಡು ಎಷ್ಟು ಸವೆದಿವೆ ನೋಡಿ. ಅವು ಮೀಟರಿಗೆ ಒಪ್ಪಬೇಕು.

ಇನ್ನು ಆ ಗಂಟೆಗಳು ಎಲ್ಲಿ ಕಳೆದವು ಎನ್ನುವ ಪ್ರಶ್ನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಟ್ರ್ಯಾಕ್ಟರಿನ ಬದುಕು ಒಂದೇ ಥರ ಇಲ್ಲ. ಕಲಬುರಗಿಯ ಒಣ ಬೇಸಾಯದ ಗಾಡಿ ವರ್ಷದಲ್ಲಿ ಕೆಲವೇ ತಿಂಗಳು ದುಡಿಯುತ್ತದೆ, ಉಳಿದಂತೆ ನಿಂತಿರುತ್ತದೆ. ಯಾದಗಿರಿಯಲ್ಲಿ ಶಹಾಪುರ, ಸುರಪುರದ ಕಾಲುವೆ ನೀರಿನ ಕಡೆಯ ಗಾಡಿ ಭತ್ತದ ಗದ್ದೆಯ ಕೆಸರಲ್ಲಿ ಕೇಜ್ ವೀಲ್ (ಕೆಸರಿನ ಕಬ್ಬಿಣದ ಚಕ್ರ) ಹಾಕಿಕೊಂಡು ದುಡಿದಿರುತ್ತದೆ. ಕೆಸರು ನೀರು ಆಕ್ಸಲ್ ಸೀಲಿನಿಂದ ಒಳಗೆ ಹೋಗುತ್ತದೆ. ಮುಂದಿನ ಚಕ್ರದ ಬೇರಿಂಗ್, ಹಿಂದಿನ ಬ್ರೇಕ್ ಮೊದಲು ಕೆಡುತ್ತವೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರಸಿ ಕಲ್ಲು ಎಳೆದ ಗಾಡಿ ಇನ್ನೊಂದು ಥರ. ಅಂಥದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ನಾನು ಬೇಡ ಅನ್ನುತ್ತೇನೆ. ಬೀದರ್ ಜಿಲ್ಲೆಯಲ್ಲಿ, ಅದರಲ್ಲೂ ಭಾಲ್ಕಿ, ಹುಮನಾಬಾದ್ ಕಡೆ, ಕಬ್ಬು. ಹಂಗಾಮಿನಲ್ಲಿ ಟ್ರಾಲಿ ತುಂಬಿಕೊಂಡು ಕಾರ್ಖಾನೆಗೆ ಹೋಗುವುದು, ಅಲ್ಲಿ ಸಾಲಿನಲ್ಲಿ ನಿಲ್ಲುವುದು, ಇಂಚಿಂಚು ಮುಂದೆ ಸರಿಯುವುದು. ಕ್ಲಚ್ಚಿಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಏರಿನಲ್ಲಿ ಗೇರ್‌ಬಾಕ್ಸ್ ಮತ್ತು ಹಿಂದಿನ ಕ್ರೌನ್ ಪಿನಿಯನ್ (ಹಿಂದಿನ ಚಕ್ರಗಳಿಗೆ ಶಕ್ತಿ ತಿರುಗಿಸಿ ಕೊಡುವ ಹಲ್ಲಿನ ಚಕ್ರಗಳ ಜೋಡಿ) ಮೇಲೆ ಭಾರ, ಇಳಿಜಾರಿನಲ್ಲಿ ಬ್ರೇಕ್ ಮೇಲೆ ಭಾರ.

ನಿಮ್ಮ ಗಾಡಿ ಭಾಲ್ಕಿಯದು. ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ: ಕಬ್ಬು ಎಳೆದಿದೆಯಾ? ಮಾರುವವರು ಇಲ್ಲ ಅಂದರೂ ಗಾಡಿ ಹೇಳುತ್ತದೆ. ಹಿಂದೆ ಟ್ರಾಲಿ ಸಿಕ್ಕಿಸುವ ಹುಕ್ಕಿನ ರಂಧ್ರ ದುಂಡಗಿದೆಯಾ, ಅಥವಾ ಎಳೆದು ಎಳೆದು ಉದ್ದುದ್ದ ಆಗಿದೆಯಾ ನೋಡಿ. ಹುಕ್ಕಿನ ಸುತ್ತ ವೆಲ್ಡಿಂಗ್ ಗುರುತು ಇದೆಯಾ? ಹಿಂದಿನ ಟೈರಿನ ಹಲ್ಲು ಡಾಂಬರು ರಸ್ತೆಯಲ್ಲಿ ಓಡಿದರೆ ನಡುವೆ ಬೇಗ ಸವೆದು ಚಪ್ಪಟೆಯಾಗುತ್ತದೆ. ಇವೆಲ್ಲ ಟ್ರಾಲಿ ಬದುಕಿನ ಗುರುತು. ಅದೇ ಲಿಫ್ಟ್ ತೋಳಿನ ಪಿನ್ನುಗಳು ಸವೆದು ಹುಕ್ ಚೆನ್ನಾಗಿದ್ದರೆ ಗಾಡಿ ಹೊಲದಲ್ಲಿ ದುಡಿದಿದೆ ಎಂದರ್ಥ. ನನಗೆ ಹೊಲದಲ್ಲಿ ದುಡಿದ 8,000 ಗಂಟೆಯ ಗಾಡಿ, ಕಬ್ಬು ಎಳೆದ 5,000 ಗಂಟೆಯ ಗಾಡಿಗಿಂತ ವಾಸಿ.

ನೋಡಲು ಬೆಳಿಗ್ಗೆ ಹೋಗಿ. ಬರುತ್ತೇನೆ ಎಂದು ಹೇಳಿ, ಆದರೆ ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದೂ ಹೇಳಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ, ಅಲ್ಲಿಂದಲೇ ಮನೆಗೆ ಬನ್ನಿ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ಪದರ ಇದೆಯಾ ನೋಡಿ.

ಆಮೇಲೆ ಸ್ಟಾರ್ಟ್. ತಣ್ಣಗಿದ್ದಾಗ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ತೊಂದರೆ ಇಲ್ಲ. ಇಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ, ಅಂದರೆ ಪಿಸ್ಟನ್ನಿನ ರಿಂಗು, ಪಿಸ್ಟನ್ ಆಡುವ ಕೊಳವೆ ಅಂದರೆ ಲೈನರ್ ಸವೆದಿವೆ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಪುಸುಪುಸು ಎಂದು ಜೋರಾಗಿ ಹೊಗೆ ಉಗುಳಿದರೂ ಅದೇ ಅರ್ಥ. ಇಷ್ಟಕ್ಕೇ ಹೆದರಿ ಬಿಡಬೇಡಿ. ಇಂಜಿನ್ ಕೆಲಸ ಗೊತ್ತಿರುವ ಕೆಲಸ. ಲೈನರ್, ಪಿಸ್ಟನ್, ರಿಂಗು, ಬೇರಿಂಗ್ ಎಲ್ಲಾ ಸೆಟ್ ಸಿಗುತ್ತದೆ, ಆಳಂದದ ಮಿಸ್ತ್ರಿಯೇ ಮಾಡಿಕೊಡುತ್ತಾರೆ. ಅಂದಾಜು ಅರ್ಧ ಲಕ್ಷ ಹಿಡಿದು ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ನಾನು ನಿಜವಾಗಿ ಹೆದರುವುದು ಹಿಂದಿನ ಭಾಗಕ್ಕೆ: ಗೇರ್‌ಬಾಕ್ಸ್, ಕ್ರೌನ್ ಪಿನಿಯನ್, ಹೈಡ್ರಾಲಿಕ್. ಅಲ್ಲಿ ಬಿಚ್ಚುವವರೆಗೂ ಖರ್ಚು ಎಷ್ಟು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಹಾಗಾಗಿ ಇಲ್ಲಿ ಸಮಯ ಕೊಡಿ. ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗಲ್ಲ. ಕಲ್ಟಿವೇಟರ್ ಕಟ್ಟಿ ಒಂದು ಗಂಟೆ ಹೊಲ ಹೊಡೆಯಲು ಕೇಳಿ, ಡೀಸೆಲ್ ನೀವೇ ಹಾಕಿಸಿ. ಒಪ್ಪದ ಮಾರಾಟಗಾರರ ಗಾಡಿ ನೋಡುವ ಅಗತ್ಯವೇ ಇಲ್ಲ. ಕೆಲಸ ಮಾಡುವಾಗ ಪ್ರತಿ ಗೇರಿನಲ್ಲೂ ಓಡಿಸಿ. ಭಾರ ಬಿದ್ದಾಗ ಅಥವಾ ಇಳಿಜಾರಿನಲ್ಲಿ ಗೇರ್ ತಾನೇ ಹಾರಿ ನ್ಯೂಟ್ರಲ್‌ಗೆ ಬಂದರೆ ಒಳಗಿನ ಹಲ್ಲು ಸವೆದಿದೆ. ಹಿಂದಿನಿಂದ ಊಳಿಡುವ ಸದ್ದು ಬಂದರೆ ಪಿನಿಯನ್ ಅಥವಾ ಬೇರಿಂಗ್. ಎರಡೂ ಇದ್ದರೆ ಆ ಗಾಡಿ ನಿಮಗಲ್ಲ.

ಗಂಟೆ ಕೆಲಸ ಆದ ಮೇಲೆ, ಎಣ್ಣೆ ಬಿಸಿ ಇರುವಾಗಲೇ, ಕಲ್ಟಿವೇಟರ್ ಪೂರ್ತಿ ಎತ್ತಿ ಇಂಜಿನ್ ಬಂದ್ ಮಾಡಿ. ಅದು ನೋಡನೋಡುತ್ತ ಕೆಳಗೆ ಇಳಿದರೆ ಹೈಡ್ರಾಲಿಕ್ ಒಳಗೆ ಸೋರುತ್ತಿದೆ. ತಣ್ಣಗಿದ್ದಾಗ ನಿಲ್ಲುವ ಲಿಫ್ಟು ಬಿಸಿಯಾದಾಗ ನಿಲ್ಲುವುದಿಲ್ಲ, ಅದಕ್ಕೇ ಈ ಪರೀಕ್ಷೆ ಕೊನೆಗೆ. ಕ್ಲಚ್ ನೋಡಲು ಬಯಲಿನಲ್ಲಿ, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಅದಕ್ಕೆ ಅಂದಾಜು 15,000ದಿಂದ 20,000. ರಾಶಿ ಯಂತ್ರ ಓಡಿಸುವ ಪಿಟಿಒ ಶಾಫ್ಟಿನ ಗೀರುಗಳು ಚೂಪಾಗಿ ಸವೆದಿವೆಯಾ ನೋಡಿ. ಮುಂದಿನ ಆಕ್ಸಲ್ ಜಾಕ್ ಕೊಟ್ಟು ಎತ್ತಿ ಚಕ್ರ ಅಲ್ಲಾಡಿಸಿದರೆ ಸೆಂಟರ್ ಪಿನ್, ಕಿಂಗ್ ಪಿನ್, ಬೇರಿಂಗ್ ಹೇಗಿವೆ ಗೊತ್ತಾಗುತ್ತದೆ. ಹಿಂದಿನ ಜೋಡಿ ಟೈರ್ ಬದಲಿಸಬೇಕಾದರೆ ಹತ್ತಿರ ಹತ್ತಿರ 40,000. ಹೊಸದಾಗಿ ಬಣ್ಣ ಹೊಡೆದ ಗಾಡಿ ಆಗಿದ್ದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಕೆಲಸದ ನಂತರ ಮತ್ತೆ ನೋಡಿ. ಸೋರುವುದಿದ್ದರೆ ಅಷ್ಟರಲ್ಲಿ ಕಾಣುತ್ತದೆ. ನಿಮಗೆ ಪರಿಚಯದ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಡಿ. ಮಾರುವವರು ಗೊತ್ತು ಮಾಡಿಕೊಟ್ಟ ಮಿಸ್ತ್ರಿ ಬೇಡ.

ಕಾಗದದ ವಿಷಯದಲ್ಲಿ ನಮ್ಮ ಕಡೆ ತುಂಬಾ ಸಡಿಲ. ದುಡ್ಡು ಕೊಟ್ಟು, ಆರ್‌ಸಿ ಕೈಗೆ ತೆಗೆದುಕೊಂಡು, ಹೆಸರು ಬದಲಿಸದೆ ವರ್ಷಗಟ್ಟಲೆ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಪಘಾತ ಆದ ದಿನ ವಿಮೆ ನಿಮ್ಮ ಹೆಸರಿನಲ್ಲಿ ಇರುವುದಿಲ್ಲ, ಮಾರಿದವರು ಕೋರ್ಟಿಗೆ ಅಲೆಯುತ್ತಾರೆ, ನೊಂದವರಿಗೆ ಪರಿಹಾರ ಸಿಗುವುದು ತಡವಾಗುತ್ತದೆ. ಭಾಲ್ಕಿಯ ಗಾಡಿಗೆ ಕೆಎ 39 ನಂಬರ್ ಇರುತ್ತದೆ, ಕಲಬುರಗಿಯದು ಕೆಎ 32. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇದೆಯಾ ಮೊದಲು ನೋಡಿ. ಇದ್ದರೆ ಸಾಲ ತೀರಿದ ಪತ್ರ ಮತ್ತು ಆರ್‌ಸಿಯಿಂದ ಆ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಆರ್‌ಸಿಯ ಇಂಜಿನ್ ನಂಬರ್, ಚಾಸಿ ನಂಬರನ್ನು ಗಾಡಿಯ ಮೇಲೆ ಕೆತ್ತಿದ್ದಕ್ಕೆ ಹೋಲಿಸಿ. ಟ್ರಾಲಿಯೂ ಸೇರಿ ಕೊಳ್ಳುವುದಾದರೆ ಅದರ ನೋಂದಣಿ ಬೇರೆ ಕೇಳಿ. ಆಳಂದ ಗಡಿ ತಾಲ್ಲೂಕು, ನಾಳೆ ಉಮರ್ಗಾ, ಸೊಲ್ಲಾಪುರದ ಕಡೆಯಿಂದ ಅಗ್ಗದ ಗಾಡಿ ಬಂದಿದೆ ಎಂದು ಯಾರಾದರೂ ಹೇಳಬಹುದು. ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಮರುನೋಂದಣಿ ಆಗಬೇಕು. ಆ ಖರ್ಚು, ಓಡಾಟ ಸೇರಿಸಿದರೆ ಅಗ್ಗ ಉಳಿಯುವುದಿಲ್ಲ. ಇನ್ನೊಂದು ಮಾತು: ನೋಂದಣಿ 15 ವರ್ಷಕ್ಕೆ. 2014ರ ಗಾಡಿಗೆ 2029ರಲ್ಲಿ ನವೀಕರಣ ಮಾಡಿಸಬೇಕು.

ಬೆಲೆಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. 45 ಎಚ್‌ಪಿಯ ಹೊಸ ಗಾಡಿಗೆ ಸುಮಾರು 45,000 ರೂಪಾಯಿ ಕಡಿಮೆ ಆಯಿತು. ಟ್ರ್ಯಾಕ್ಟರ್ ಟೈರು, ಬಿಡಿಭಾಗಗಳ ತೆರಿಗೆಯೂ 18ರಿಂದ 5ಕ್ಕೆ ಬಂತು. ಹೊಸದರ ಬೆಲೆ ಇಳಿದರೆ ಹಳೆಯದರದೂ ಇಳಿಯಬೇಕು. ಮಾರುವವರು ಇನ್ನೂ ಹಳೇ ಲೆಕ್ಕದಲ್ಲೇ ಹೇಳುತ್ತಿದ್ದರೆ ಇದನ್ನು ಮುಂದಿಟ್ಟು ಮಾತಾಡಿ.

ನನ್ನ ಅಭಿಪ್ರಾಯ ಹೀಗೆ. ಗಾಡಿ ಹೊಲದ್ದೇ, ಹಿಂದಿನ ಭಾಗ ಗಟ್ಟಿ, ಇಂಜಿನ್ ಸರಿ, ಟೈರ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಅಂದರೆ 2.6 ಲಕ್ಷದವರೆಗೆ ಹೋಗಿ. ಇಂಜಿನ್ ಕೆಲಸ ಬೇಕಿದ್ದರೆ 2.1 ದಾಟಬೇಡಿ. ಕಬ್ಬು ಎಳೆದ ಗುರುತು ಇದ್ದು ಗೇರ್ ಹಾರುತ್ತಿದ್ದರೆ ಎಷ್ಟಕ್ಕೆ ಕೊಟ್ಟರೂ ಬೇಡ. ಅಣ್ಣನನ್ನು ಪಾಲಿಗೆ ಸೇರಿಸಿಕೊಳ್ಳಿ, ಆದರೆ ಯಾರ ಪಾಲು ಎಷ್ಟು, ರಿಪೇರಿ ಯಾರದು ಎಂದು ಕೊಳ್ಳುವ ಮುಂಚೆಯೇ ಬರೆದುಕೊಳ್ಳಿ. ಹೊರಗಿನ ನೂರು ಗಂಟೆ ಕೆಲಸ ಸಿಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಈ ವರ್ಷ ನಿಮ್ಮ ಹೋಬಳಿಯಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಕ್ಕೆ ಹೋಗಿ ದರ ಕೇಳಿ, ಬಿತ್ತನೆಗೆ ಮುಂಚೆಯೇ ಹೆಸರು ಬರೆಸಿ. ತೊಗರಿಯಲ್ಲಿ ಎಡೆ ಹೊಡೆಯಲು 45 ಎಚ್‌ಪಿ ಗಾಡಿ ಸಾಲಿನಲ್ಲಿ ಹಿಡಿಯುವುದಿಲ್ಲ. ಆ ಕೆಲಸಕ್ಕೆ ಎತ್ತಿನ ಬಾಡಿಗೆ ಹೇಗೂ ಇದ್ದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಂಡರೆ ಮೊದಲ ದಿನವೇ ಇಂಜಿನ್ ಆಯಿಲ್, ಗೇರ್ ಮತ್ತು ಹೈಡ್ರಾಲಿಕ್ ಎಣ್ಣೆ, ಎಲ್ಲಾ ಫಿಲ್ಟರ್ ಬದಲಿಸಿ. ಹಳೇ ಗೇರ್ ಎಣ್ಣೆಯನ್ನು ಬುಟ್ಟಿಗೆ ಸುರಿದು ಅದರಲ್ಲಿ ಕಬ್ಬಿಣದ ಚೂರು ಇದೆಯಾ ನೋಡಿ. ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ಸಣ್ಣದು, ಏರ್ ಫಿಲ್ಟರನ್ನು ಹರಗುವ ದಿನಗಳಲ್ಲಿ ದಿನಾ ನೋಡಬೇಕು. ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್ ಪೈಪು, ಒಂದು ಡೀಸೆಲ್ ಫಿಲ್ಟರ್ ಟೂಲ್ ಬಾಕ್ಸಿನಲ್ಲಿ ಇರಲಿ. ಇವೆಲ್ಲ ಮೇ ತಿಂಗಳ ಒಳಗೆ ಮುಗಿಯಬೇಕು, ಜೂನ್ ಬಂದರೆ ಮಿಸ್ತ್ರಿಗಳು ಕೈಗೆ ಸಿಗುವುದಿಲ್ಲ.